ಒಂದು ಒಲೆ, ಎರಡು ಅಡುಗೆ

ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಅಂಗಿಗೆ ಗುಂಡಿ ಹೊಲಿಯುತ್ತಿದ್ದವಳನ್ನು ಎಲ್ಲರೂ ಗುಂಡಿಯಮ್ಮ ಎಂದೇ ಕರೆಯುತ್ತಿದ್ದರು. ಗಡಿಯಾಚೆಯಿಂದ ಗಂಡನ ಜೊತೆ ಒಂದು ತಗಡಿನ ಪೆಟ್ಟಿಗೆ ಹಿಡಿದು ಬಂದವಳು. ಗಂಡ ತೀರಿಕೊಂಡ ಮೇಲೂ ಯಾರಿಗೂ ತಲೆಬಾಗಲಿಲ್ಲ. ಅವಳು ಹೊಲಿದ ಗುಂಡಿ ಕಿತ್ತುಬಂದದ್ದನ್ನು ಯಾರೂ ಕಂಡಿಲ್ಲ, ಅವಳ ಬಾಯಿಗೆ ಸಿಕ್ಕಿ ಗೆದ್ದವರನ್ನೂ ಕಂಡಿಲ್ಲ.

ಹೋದ ವರ್ಷ ನಾದಿನಿ ಮೂರು ವರ್ಷದ ಮಗಳನ್ನು ಸೊಂಟದ ಮೇಲಿಟ್ಟುಕೊಂಡು ಅದೇ ಗಡಿ ದಾಟಿ ಬಂದಳು. ಇದ್ದೊಂದು ಕೋಣೆಯಲ್ಲೇ ಜಾಗವಾಯಿತು. ನಾದಿನಿಗೆ ಸಿಕ್ಕಿದ್ದು ಮೆಟ್ಟಿಲು ಒರೆಸುವ ಅರ್ಧ ದಿನದ ಕೆಲಸ. ತಾಯಿ ಮಗಳ ಹಿಟ್ಟು, ಬೇಳೆ, ಹಾಲಿನ ಪುಡಿ ಎಲ್ಲವೂ ಸರ್ಕಾರದ ಆಹಾರ ಕಾರ್ಡಿನಿಂದಲೇ ಬರಬೇಕಿತ್ತು.

ನಾದಿನಿಯ ಕಾರ್ಡ್ ನವೀಕರಿಸಲು ಇಬ್ಬರೂ ಹೋದಾಗ ಗುಮಾಸ್ತ ಕೇಳಿದ: "ಎಲ್ಲರದೂ ಒಂದೇ ಅಡುಗೇನಾ?"

ಗುಂಡಿಯಮ್ಮನಿಗೆ ಮೈಯೆಲ್ಲ ಉರಿಯಿತು. "ಮತ್ತಿನ್ನೇನು? ಮಗೂನ ಬಿಟ್ಟು ತಿನ್ನೋ ಜನಾನಾ ನಾವು?"

ಮಾನವಂತರ ಉತ್ತರವೇನೋ ಹೌದು, ಆದರೆ ಅದೇ ಕುತ್ತಿಗೆಗೆ ಬಂತು. ವಾರದಲ್ಲಿ ಕಾಗದ ಬಂತು: ಒಂದೇ ಅಡುಗೆಯವರು ಒಂದೇ ಕುಟುಂಬ, ಗುಂಡಿಯಮ್ಮನ ಸಂಬಳ ಸೇರಿದರೆ ಆದಾಯ ಮಿತಿ ಮೀರುತ್ತದೆ, ಆದ್ದರಿಂದ ಕಾರ್ಡ್ ರದ್ದು.

"ನಾವು ಬೇರೆ ಎಲ್ಲಾದ್ರೂ ಹೋಗ್ತೀವಿ ಅತ್ತಿಗೆ," ಎಂದು ನಾದಿನಿ ಕಣ್ಣೊರೆಸಿಕೊಂಡಳು.

"ಬಾಯ್ಮುಚ್ಚು. ನೀನೂ ಎಲ್ಲಿಗೂ ಹೋಗಲ್ಲ, ಕಾರ್ಡೂ ಎಲ್ಲಿಗೂ ಹೋಗಲ್ಲ."

ಗುಂಡಿಯಮ್ಮನಿಗೆ ಓದು ಬರದು, ನಾದಿನಿಗೆ ಅಕ್ಷರ ಕೂಡಿಸಿ ಒಂದೆರಡು ಸಾಲು ಓದುವಷ್ಟೇ ಬರುತ್ತಿತ್ತು. ಕಾರ್ಖಾನೆಯ ಮೇಲ್ವಿಚಾರಕಿಯಿಂದ ಕಾರ್ಡಿನ ನಿಯಮದ ಪುಸ್ತಕವನ್ನು ಮೂರು ಸಲ ಓದಿಸಿ ಕೇಳಿದಳು. ಸಾಮಾನು ಬೇರೆ ತಂದು ಬೇರೆ ಬೇಯಿಸಿಕೊಳ್ಳುವವರು ಒಂದೇ ಸೂರಿನಡಿ ಇದ್ದರೂ ಬೇರೆ ಕುಟುಂಬವೇ ಎಂದು ಅದರಲ್ಲೇ ಇತ್ತು. ಸರಿ, ಸುಳ್ಳೇಕೆ ಹೇಳಬೇಕು? ಅವತ್ತಿನಿಂದಲೇ ಎರಡು ಅಡುಗೆ ಶುರುವಾಯಿತು. ಕಾರ್ಖಾನೆಯಲ್ಲಿ ಯಾವ ಬಟ್ಟೆಯ ಕಟ್ಟು ಯಾರದೆಂದು ತಿಳಿಯಲು ಬಣ್ಣದ ದಾರ ಕಟ್ಟುವಂತೆ, ತನ್ನ ಪಾತ್ರೆ ಡಬ್ಬಿಗಳಿಗೆ ಕೆಂಪು ದಾರ, ನಾದಿನಿಯದಕ್ಕೆ ನೀಲಿ ಕಟ್ಟಿದಳು. ಒಂದೇ ಒಲೆಯ ಮೇಲೆ ಒಬ್ಬರಾದ ಮೇಲೆ ಒಬ್ಬರು ಬೇಯಿಸಿದರು. ಆಮೇಲೆ ತಕರಾರು ಅರ್ಜಿ ಹಾಕಿದಳು.

ತಪಾಸಣೆಗೆಂದು ಹೇಳದೆ ಕೇಳದೆ ಬಂದ ಅಧಿಕಾರಿ ಡಬ್ಬಿ ತೆರೆದ, ಮುಚ್ಚಳ ಎತ್ತಿದ. ಪುಟ್ಟ ಮೇಜಿನ ಮೇಲಿದ್ದ ಮೂರು ತಟ್ಟೆ ನೋಡಿ ಹುಬ್ಬೇರಿಸಿದ.

"ಒಟ್ಟಿಗೇ ಊಟ ಮಾಡ್ತಿದೀರಲ್ಲಮ್ಮ?"

"ಬೇಯಿಸಿದ್ದು ಬೇರೆ, ಕೂತಿದ್ದು ಒಟ್ಟಿಗೆ. ಕೂರೋದಕ್ಕೂ ನಿಯಮ ಇದ್ರೆ ಪುಟ ತೋರಿಸಿ ಸಾರ್."

ಅವನು ಪುಸ್ತಕ ತಿರುವುತ್ತಿದ್ದಾಗಲೇ ಮಗು ಅತ್ತೆಯ ತಟ್ಟೆಗೆ ಕೈಹಾಕಿತು. ನಾದಿನಿ ಬಿಳಿಚಿಕೊಂಡು ಆ ಕೈ ಹಿಡಿದೆಳೆದಳು. ಗುಂಡಿಯಮ್ಮ ತಟ್ಟೆಯನ್ನೇ ಮಗುವಿನತ್ತ ತಳ್ಳಿದಳು.

"ತಿನ್ನು ಕಂದ. ಸಾರ್, ಅತ್ತೆ ತಟ್ಟೆಯಿಂದ ಒಂದು ತುತ್ತು ತಿಂದ್ಲು ಅಂತ ಅದನ್ನೂ ಬರ್ಕೊಳ್ಳಿ. ನಿಮ್ಮನೇಲಿ ಪಕ್ಕದ ಮನೆ ಮಗು ಕೈಚಾಚಿದ್ರೆ ಕಾರ್ಡ್ ಕೇಳ್ತೀರಾ?"

ಅಧಿಕಾರಿ ಮಗುವನ್ನು ನೋಡಿದ, ಪುಸ್ತಕ ಮುಚ್ಚಿದ, ಎರಡು ಸಾಲು ಗೀಚಿ ಎದ್ದ. ಅಷ್ಟರಲ್ಲಿ ಗುಂಡಿಯಮ್ಮ ಬಾಗಿಲಿಗೆ ಅಡ್ಡ ನಿಂತಾಗಿತ್ತು.

"ಏನು ಬರೆದ್ರಿ, ಓದಿ."

"ಅಡುಗೆ ಎರಡು, ಕುಟುಂಬ ಎರಡು. ಕಾರ್ಡ್ ಮುಂದುವರಿಸಬಹುದು."

"ನೀನು ಓದೇ," ಎಂದು ನಾದಿನಿಗೆ ಹೇಳಿದಳು. ಅವಳೂ ಅದನ್ನೇ ಗಟ್ಟಿಯಾಗಿ ಓದಿದ ಮೇಲೆ ಗುಂಡಿಯಮ್ಮ ಬಾಗಿಲು ಬಿಟ್ಟಳು.