ಸೊಳ್ಳೆಯ ಬಸಿರು

ಜೀವಶಾಸ್ತ್ರ ಕಲಿಸುವವರದು ಒಂದು ಕೆಟ್ಟ ಚಟ: ಎದುರಿಗೆ ಸಿಕ್ಕವರಿಗೆಲ್ಲ ಪಾಠ ಹೇಳುವುದು. ನನಗೆ ಈ ಚಟವಿದೆಯೆಂದು ಹೆಂಡತಿ ಗೀತಾ ಮದುವೆಯಾದ ವಾರದಲ್ಲೇ ಕಂಡುಕೊಂಡಳು.

ಒಂದು ಬಸಿರು ಕಳೆದುಕೊಂಡಿದ್ದ ಅವಳು, ಎರಡನೆಯ ಸಲ ಮೂರು ತಿಂಗಳಾದಾಗ ಶ್ರೀರಾಮನಗರದ ತವರಿನಲ್ಲಿದ್ದಳು. ಡಾಕ್ಟರು ಹಾರ್ಮೋನ್ ಗುಳಿಗೆ ಬರೆದುಕೊಟ್ಟಿದ್ದರು. ಶನಿವಾರ ನಾನು ಕಲಿಸುವ ಯಲಬುರ್ಗಾದಿಂದ ಬಸ್ಸು ಬದಲಿಸಿ ಹೋಗಿ ನೋಡಿದರೆ, ಎರಡು ದಿನದ ಗುಳಿಗೆ ದಿಂಬಿನ ಕೆಳಗೆ ಬಿದ್ದಿದ್ದವು.

"ಅದು ಸ್ಟೀರಾಯ್ಡ್ ಅಂತರಿ. ಫೋನಿನ್ಯಾಗ ನೋಡೀನಿ. ಪೈಲ್ವಾನರು ತಗೊಳ್ಳೂದು ನನ್ನ ಕೂಸಿಗ್ಯಾಕ?" ಎಂದಳು. ಕಣ್ಣು ತುಂಬಿದ್ದವು.

ಕೂಡಲೇ ಡಾಕ್ಟರಿಗೆ ಫೋನು ಹಚ್ಚಿದೆ. ಅವರು ಬೈದು, ಇವತ್ತಿನಿಂದಲೇ ಮುಂದುವರಿಸಿ ಎಂದರು. ಗೀತಾಳ ಅಂಜಿಕೆ ಮಾತ್ರ ಹೋಗಲಿಲ್ಲ. ಆಗ ಗೋಡೆಯ ಮೇಲೆ ಹೊಟ್ಟೆ ಕೆಂಪಾಗಿ ಕೂತಿದ್ದ ಸೊಳ್ಳೆ ಕಣ್ಣಿಗೆ ಬಿತ್ತು. ಸುತ್ತಲೂ ಕಾಲುವೆ ನೀರು ನಿಂತ ಗದ್ದೆಗಳಿರುವ ಊರಿನಲ್ಲಿ ಸೊಳ್ಳೆಗೇನು ಬರ?

"ನೋಡು, ರಕ್ತ ಕುಡಿಯೂದು ಹೆಣ್ಣಷ್ಟ. ಕುಡಿದ ಮ್ಯಾಲೆ ಅದರ ಅಂಡಾಶಯದಾಗ ಒಂದು ಸ್ಟೀರಾಯ್ಡ್ ಹಾರ್ಮೋನ್ ತಯಾರಾಗ್ತೈತಿ. ಎಕ್ಡೈಸೋನ್ ಅಂತಾರ. ಅದು ಹುಕುಂ ಕೊಟ್ರನ ತತ್ತಿಗೆ ಬೇಕಾದ ಆಹಾರ ಮೈಯಾಗ ತಯಾರಾಗಿ, ತತ್ತಿ ಬಲೀತಾವು. ನಿನ್ನ ಗುಳಿಗೀದು ಬ್ಯಾರೆ ಹಾರ್ಮೋನ್, ಆದ್ರ ಕುಲ ಒಂದ. ಪೈಲ್ವಾನರು ಬರೂಕಿಂತ ಎಷ್ಟೋ ಮೊದಲ ಅದು ತಾಯಂದಿರ ಮೈಯಾಗಿತ್ತು."

ಗೀತಾ ಸೊಳ್ಳೆಯನ್ನೇ ನೋಡುತ್ತ ಕೂತಳು. "ಹಂಗಂದ್ರ ಅದೂ ಬಸುರಿನ?"

"ಹಂಗ ಅನ್ನು."

ಅಷ್ಟರಲ್ಲಿ ನೀರು ತಂದ ಅತ್ತೆ ಚಟ್ಟನೆ ಗೋಡೆಗೆ ಹೊಡೆದರು. "ಅಳಿಯಂದ್ರ, ಪಾಠ ಆಮ್ಯಾಲೆ ಮಾಡ್ರಿ. ಡೆಂಗಿ ಬಂದೀತು!"

"ಅಯ್ಯ ಪಾಪ," ಎಂದ ಗೀತಾ, ನಕ್ಕು ಗುಳಿಗೆ ನುಂಗಿದಳು. ಎಷ್ಟೋ ದಿನಗಳ ಮೇಲೆ ಕೇಳಿದ ನಗು ಅದು. ಅದರ ಮುಂದೆ ನನ್ನ ಪಾಠ ಯಾವ ಲೆಕ್ಕ?

ದಿನ ತುಂಬಿ ಮಗಳು ಹುಟ್ಟಿದಳು. ಗಂಗಾವತಿಯ ಆಸ್ಪತ್ರೆಯಲ್ಲಿ ಗೀತಾ ಕೂಸನ್ನು ನನ್ನ ಕೈಗಿಡುತ್ತ, "ಹಂಗಲ್ಲರಿ, ಕುತ್ತಿಗಿ ಕೆಳಗ ಕೈ ಇಡ್ರಿ," ಎಂದಳು. ಹೇಳಿದ ಹಾಗೆ ಹಿಡಿದೆ. ತತ್ತಿ ಬಲಿಯಲು ಏನೇನು ಬೇಕೆಂದು ಕಪ್ಪುಹಲಗೆ ತುಂಬ ಬರೆಯಬಲ್ಲೆ. ಒಬ್ಬ ಅಪ್ಪ ಬಲಿಯಲು ಏನು ಬೇಕೆಂಬುದನ್ನು ಮಾತ್ರ ಎರಡೂಮುಕ್ಕಾಲು ಕಿಲೋದ ಈ ಹುಡುಗಿಯೇ ಕಲಿಸಬೇಕಾಯಿತು.