ಕೂದಲೆಳೆ ಮೇಸ್ತ್ರಿಯ ಕೊನೆಯ ಲೇತು

ಎತ್ತರ ಐದೂವರೆ ಅಡಿಗೆ ಎರಡು ಬೆರಳು ಕಮ್ಮಿ. ತೂಕ ಹೇಳಿಕೊಳ್ಳುವಂಥದ್ದಲ್ಲ. ವಯಸ್ಸು ಅರವತ್ತಮೂರು, ನೋಡಿದವರು ಎಪ್ಪತ್ತು ಎಂದಾರು. ಕನ್ನಡಕದ ಒಂದು ಕಡ್ಡಿಗೆ ತಾಮ್ರದ ತಂತಿ ಸುತ್ತಿದೆ. ಬಲಸೊಂಟದ ಮೇಲೆ ನಿಂಬೆಹಣ್ಣಿನಷ್ಟು ಜಡ್ಡುಗಟ್ಟಿದೆ. ಮಾತು ಕಮ್ಮಿ, ಅದರಲ್ಲೂ ಅರ್ಧ ಗೊಣಗಾಟ. ಹಳೇ ಯಂತ್ರಗಳ ವ್ಯಾಪಾರದಲ್ಲಿ ಪಳಗಿದ ನನ್ನ ಕಣ್ಣು ಈ ಮೇಸ್ತ್ರಿಯನ್ನು ಮೊದಲ ಸಲ ನೋಡಿದಾಗ ಕೊಟ್ಟ ತೀರ್ಪು ಇಷ್ಟೇ: ಬಿಡಿಭಾಗಕ್ಕೆ ಆಗಬಹುದು. ನನ್ನ ಅಂದಾಜು ಅಷ್ಟು ಕೆಟ್ಟದಾಗಿ ತಪ್ಪಿದ್ದು ಮತ್ತೆಂದೂ ಇಲ್ಲ.

ಎಲ್ಲರೂ ಅವರನ್ನು ಕೂದಲೆಳೆ ಮೇಸ್ತ್ರಿ ಎನ್ನುತ್ತಿದ್ದರು. ಉಳಿದವರು ಅಂಗುಲ, ಮಿಲಿಮೀಟರು ಎನ್ನುವಲ್ಲಿ ಇವರದು ಒಂದು ಕೂದಲು, ಅರ್ಧ ಕೂದಲು, ಕೂದಲಿನಲ್ಲಿ ಹತ್ತನೇ ಪಾಲು. ಸ್ವಂತ ತಲೆ ಪೂರ್ತಿ ಬೋಳಾಗಿದ್ದರಿಂದ, ಅಳತೆಗೆ ಯಾರ ಕೂದಲು ಕಡ ತರುತ್ತೀರಿ ಎಂದು ಅವರ ಹೆಂಡತಿಯೇ ಕಾಲೆಳೆಯುತ್ತಿದ್ದರು.

ಮುಚ್ಚಿದ ಕಾರ್ಖಾನೆಗಳಿಂದ ತುಕ್ಕು ತಿಂದ ಯಂತ್ರಗಳನ್ನು ತಂದು ಅವರ ಶೆಡ್ಡಿನಲ್ಲಿ ಇಳಿಸುವುದು ನನ್ನ ಕೆಲಸ. ಬಿಚ್ಚಿ, ತೊಳೆದು, ಸವೆದದ್ದನ್ನು ಸರಿಮಾಡಿ, ಮತ್ತೆ ಜೀವ ತುಂಬುವುದು ಅವರದು. ಹೆಚ್ಚಾಗಿ ಬರುತ್ತಿದ್ದದ್ದು ಲೇತು, ಅಂದರೆ ಕಬ್ಬಿಣವನ್ನು ತಿರುಗಿಸಿ ಕಡೆಯುವ ಯಂತ್ರ. ಅದರ ಉದ್ದಕ್ಕೂ ರೈಲುಹಳಿಯಂಥ ಎರಡು ದಾರಿಗಳಿರುತ್ತವೆ, ಅದಕ್ಕೆ ಬೆಡ್ ಎನ್ನುತ್ತಾರೆ. ಬೆಡ್ ನೇರವಿದ್ದರೆ ಕಡೆದದ್ದೂ ನೇರ. ಬೆಡ್ ಸವೆದರೆ ಆ ಲೇತಿಗೆ ನೀವು ಬಂಗಾರದ ಬಣ್ಣ ಬಳಿದರೂ ಅದು ಗುಜರಿಯೇ.

ಸವೆದ ಬೆಡ್ಡನ್ನು ಕೈಯಿಂದ ನೇರ ಮಾಡುವವರು ಈಗ ಬೆರಳೆಣಿಕೆಯಷ್ಟು. ಸಮತಟ್ಟಾದ ಒಂದು ಪಟ್ಟಿಗೆ ತೆಳ್ಳಗೆ ನೀಲಿ ಬಣ್ಣ ಸವರಿ ಬೆಡ್ಡಿನ ಮೇಲೆ ಎಳೆಯಬೇಕು. ಎಲ್ಲಿ ನೀಲಿ ಹತ್ತಿತೋ ಅಲ್ಲಿ ಉಬ್ಬು. ಉದ್ದ ಹಿಡಿಯ ಉಳಿಯನ್ನು ಸೊಂಟಕ್ಕೆ ಆನಿಸಿ, ಮೈಯಿಂದ ನೂಕಿ, ಆ ಉಬ್ಬನ್ನಷ್ಟೇ ಹೆರೆಯಬೇಕು. ಮತ್ತೆ ನೀಲಿ, ಮತ್ತೆ ಹೆರೆತ. ಹೀಗೆ ಸಾವಿರಾರು ಸಲ. ಕೊನೆಗೆ ಬೆಡ್ಡಿನ ತುಂಬ ಸಿಡುಬಿನ ಕಲೆಯಂಥ ಸಣ್ಣಸಣ್ಣ ಗುಳಿಗಳು ಉಳಿಯುತ್ತವೆ. ನೋಡಲು ಚೆಂದವಿಲ್ಲ. ಆದರೆ ಆ ಗುಳಿಗಳಲ್ಲೇ ಎಣ್ಣೆ ನಿಲ್ಲುವುದು, ಆ ಕಲೆಗಳೇ ಮೇಸ್ತ್ರಿಯ ರುಜು.

ಎರಡು ವರ್ಷದ ಕೆಳಗೆ ಅವರ ಬಲಗೈ ನಡುಗತೊಡಗಿತು. ಮೊದಲು ಚಹಾ ಲೋಟದಲ್ಲಿ, ಆಮೇಲೆ ಅಂಗಿಯ ಗುಂಡಿಯಲ್ಲಿ, ಆಮೇಲೆ ಉಳಿಯ ತುದಿಯಲ್ಲಿ. ಬೆಳಿಗ್ಗೆ ಎದ್ದ ಮೇಲೆ ಎರಡು ತಾಸು ಮಾತ್ರ ಕೈ ಹೇಳಿದಂತೆ ಕೇಳುತ್ತಿತ್ತು. ಅಂಥ ಹೊತ್ತಿನಲ್ಲೇ ನಾನೊಂದು ಲೇತು ಇಳಿಸಿದೆ. ನೂರು ವರ್ಷದ ಹಿಂದಿನ ಎರಕ, ಮೊಣಕೈಯಷ್ಟು ದಪ್ಪ ಕಬ್ಬಿಣ. ಮೇಸ್ತ್ರಿ ಅದನ್ನು ಮೂರು ಸುತ್ತು ಸುತ್ತಿ, ಬೆರಳಿನಿಂದ ಬಡಿದು, ಕಿವಿಗೊಟ್ಟು ಕೇಳಿದರು. "ಇದೊಂದನ್ನ ಪೂರ್ತಿ ಮಾಡ್ತೀನಿ ಸಾವ್ಕಾರ್ರೇ. ಆಮೇಲೆ ಉಳಿ ಕೆಳಗಿಡ್ತೀನಿ. ನನ್ನದು ಅಂತ ಒಂದಾದ್ರೂ ಸರಿಯಾಗಿರೋದು ಎಲ್ಲಾದ್ರೂ ಓಡ್ತಿರಲಿ."

ದಿನಕ್ಕೆ ಎರಡು ತಾಸಿನಂತೆ ಹನ್ನೊಂದು ತಿಂಗಳು ಹೆರೆದರು. ಕೈ ನಡುಗಿದ ದಿನ ಉಳಿ ಮುಟ್ಟದೆ ಸುಮ್ಮನೆ ಕೂರುತ್ತಿದ್ದರು. ಕೆಲಸ ಮುಗಿಸಿದೊಡನೆ ಬೆಡ್ಡಿಗೆ ಎಣ್ಣೆಕಾಗದ ಹೊದಿಸಿ, ಮಗುವನ್ನು ಮಲಗಿಸಿದವರಂತೆ ಹಗುರವಾಗಿ ತಟ್ಟಿ ಏಳುತ್ತಿದ್ದರು. ಕೊಳ್ಳುವವರೂ ಸಿಕ್ಕರು. ಅಳತೆಯ ಉಪಕರಣ ತಯಾರಿಸುವ ಹೆಂಗಸು. ಬೆಲೆ ಆಮೇಲೆ ಮಾತಾಡೋಣ, ಮೊದಲು ಬೆಡ್ ತೋರಿಸಿ ಎಂದರು. ಅಂಥವರು ನನ್ನಂಥ ವ್ಯಾಪಾರಿಗೆ ತಲೆನೋವು, ಮೇಸ್ತ್ರಿಗೆ ಹಬ್ಬ.

ಆ ಶೆಡ್ಡಿನಲ್ಲಿ ಇನ್ನೊಬ್ಬನಿದ್ದ, ಮೇಸ್ತ್ರಿಯ ಭಾಮೈದ. ವಯಸ್ಸು ನಲವತ್ತರ ಮೇಲೆ. ಡ್ರೈವರಿಕೆ, ಅಂಗಡಿ, ಕೋಳಿ ಸಾಕಣೆ ಎಂದು ಕೈಹಾಕಿದ್ದೆಲ್ಲ ನೆಲಕಚ್ಚಿತ್ತು. ಅಕ್ಕನ ಮುಖ ನೋಡಿ ಮೇಸ್ತ್ರಿ ಅವನನ್ನು ಒಂದು ವರ್ಷದಿಂದ ಯಂತ್ರಗಳ ಮೈಗೆ ಬಣ್ಣ ಬಳಿಯಲು ಇಟ್ಟುಕೊಂಡಿದ್ದರು. ಬಣ್ಣ ಚೆನ್ನಾಗಿಯೇ ಬಳಿಯುತ್ತಿದ್ದ. ಅವನು ಬರುವ ಹೊತ್ತಿಗೆ ಮೇಸ್ತ್ರಿಯ ಬೆಳಗಿನ ಹೆರೆತ ಮುಗಿದಿರುತ್ತಿತ್ತು; ಎಣ್ಣೆಕಾಗದದ ಕೆಳಗೆ ಏನಿದೆ ಎಂದು ಮಾತ್ರ ಅವನಿಗೆ ಯಾರೂ ಹೇಳಿರಲಿಲ್ಲ.

ಆ ಹೆಂಗಸು ಸೋಮವಾರ ಬರುವವರಿದ್ದರು. ಮೇಸ್ತ್ರಿ ಅದಕ್ಕೆ ಮುಂಚೆ ಎರಡು ದಿನ ಕೈ ತೋರಿಸಲು ದೊಡ್ಡಾಸ್ಪತ್ರೆಗೆ ಹೋದರು. ಆಗ ಭಾಮೈದನಿಗೆ ಫೋನ್ ಮಾಡಿದವನು ನಾನು. ಲೇತು ಕನ್ನಡಿ ಹಾಗಿರಬೇಕು, ನೋಡಿದವರ ಕಣ್ಣು ಕುಕ್ಕಬೇಕು ಎಂದೆ. ಮೈಬಣ್ಣದ ಮಾತದು ಎಂದು ಆಮೇಲೆ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಬೆಡ್ ಮುಟ್ಟಬೇಡ ಎಂಬ ಎರಡು ಪದ ನನ್ನ ಬಾಯಿಂದ ಬಂದಿರಲಿಲ್ಲ.

ಭಾಮೈದ ಎಣ್ಣೆಕಾಗದ ತೆಗೆದು ನೋಡಿದ. ಉದ್ದಕ್ಕೂ ಗುಳಿ, ಕಲೆ. ಭಾವನ ಕೈ ನಡುಗಿ ನಡುಗಿ ಹೀಗಾಗಿದೆ, ನಾಚಿಕೆಗೆ ಮುಚ್ಚಿಟ್ಟಿದ್ದಾರೆ ಎಂದುಕೊಂಡ. ಭಾವನ ಮಾನ ಉಳಿಸಬೇಕೆನಿಸಿತು. ಗ್ರೈಂಡರ್ ಹಚ್ಚಿದ, ಆಮೇಲೆ ಎಮರಿ ಪೇಪರು, ಆಮೇಲೆ ಬಟ್ಟೆ. ಜೀವನದಲ್ಲಿ ಮೊದಲ ಸಲ ಹಿಡಿದ ಕೆಲಸವನ್ನು ನಡುವೆ ಬಿಡದೆ ಮುಗಿಸಿದ.

ಆಸ್ಪತ್ರೆಯಲ್ಲಿ ಮೇಸ್ತ್ರಿಗೆ, ಈ ನಡುಕ ಹೋಗುವುದಲ್ಲ, ಹೆಚ್ಚುವುದೇ ಎಂದಿದ್ದರು. ಆಗಲಿ, ಲೇತು ಮುಗಿದಿದೆಯಲ್ಲ ಎಂದು ಬಸ್ಸಿನ ದಾರಿಯುದ್ದಕ್ಕೂ ಅಂದುಕೊಂಡೇ ಬಂದರು. ಭಾನುವಾರ ಮಧ್ಯಾಹ್ನ ಶೆಡ್ಡಿನ ಬಾಗಿಲು ತೆಗೆದರೆ ಬೆಡ್ಡಿನಲ್ಲಿ ಕಿಟಕಿಯ ಪ್ರತಿಬಿಂಬ ಕಾಣುತ್ತಿತ್ತು. ಹತ್ತಿರ ಹೋಗಿ ಅಂಗೈ ಇಟ್ಟು, ಒಂದು ತುದಿಯಿಂದ ಇನ್ನೊಂದು ತುದಿಗೆ ಸವರಿದರು. ನಡುಗುವ ಕೈಗೂ ಆ ಏರಿಳಿತ ಗೊತ್ತಾಯಿತು.

"ಎಷ್ಟೊತ್ತು ಉಜ್ಜಿದೆ?"

"ಎರಡು ದಿನ ಭಾವ. ಊಟಕ್ಕೂ ಎದ್ದಿಲ್ಲ, ಅಕ್ಕನ್ನೇ ಕೇಳಿ. ಒಂದು ಕಲೆ ಉಳಿದಿದ್ರೆ ತೋರಿಸಿ ನೋಡೋಣ."

ಅಕ್ಕ ಬಾಗಿಲಲ್ಲೇ ನಿಂತಿದ್ದರು. ಸೆರಗಿನಿಂದ ಕಣ್ಣೊರೆಸಿಕೊಂಡು, "ಇದೊಂದನ್ನಾದ್ರೂ ನೆಟ್ಟಗೆ ಮಾಡಿದ್ನಲ್ಲ ರೀ" ಎಂದರು.

ಮೇಸ್ತ್ರಿ ತಮ್ಮ ಕೈಯನ್ನು ಬೆಡ್ಡಿನಿಂದ ತೆಗೆದು ಜೇಬಿಗೆ ಇಳಿಸಿದರು. ಅಲ್ಲಿ ಅದು ಎಷ್ಟು ಬೇಕಾದರೂ ನಡುಗಬಹುದಿತ್ತು. "ಹೂಂ. ಚೆನ್ನಾಗಿದೆ" ಎಂದರು.

ಸೋಮವಾರ ಆ ಹೆಂಗಸಿನ ಜೊತೆ ನಾನೂ ಹೋದೆ. ಬೆಡ್ಡಿನ ಗುಳಿಗಳೆಲ್ಲ ಮಾಯವಾದದ್ದು ಬಾಗಿಲಲ್ಲೇ ನನ್ನ ಕಣ್ಣಿಗೆ ಬಿತ್ತು, ಆದರೆ ವ್ಯಾಪಾರಿಯ ನಾಲಿಗೆ ಕಣ್ಣನ್ನು ಕೇಳಿ ಆಡುವುದಿಲ್ಲ. ನೋಡಿ ಹೇಗೆ ಹೊಳೆಯುತ್ತಿದೆ ಎಂದು ಶುರುಮಾಡಿಯೇ ಬಿಟ್ಟೆ. ಅವರು ನನ್ನ ಮಾತಿಗೆ ಸೊಪ್ಪು ಹಾಕದೆ ಚೀಲದಿಂದ ಉಕ್ಕಿನ ಪಟ್ಟಿ ತೆಗೆಯಹೊರಟರು. ಮೇಸ್ತ್ರಿ ಅಡ್ಡ ಬಂದರು.

"ಬೇಡಿ ತಾಯಿ, ಸುಮ್ಮನೆ ಶ್ರಮ. ಬೆಡ್ ಹೋಗಿದೆ."

"ಹೋಗಿದೆ ಅಂದ್ರೆ? ಹದಿನೈದು ದಿನದ ಹಿಂದೆ ನೀವೇ ಅಲ್ವಾ ಅರ್ಧ ಕೂದಲಷ್ಟೂ ತಪ್ಪಿಲ್ಲ ಅಂದಿದ್ದು?"

ಹಿಂದೆ ಭಾಮೈದ ಬಟ್ಟೆ ಹಿಡಿದು ನಿಂತಿದ್ದ. ಅವನ ಮುಖದಲ್ಲಿ ಇನ್ನೂ ನಿನ್ನೆಯ ಹಿಗ್ಗು ಆರಿರಲಿಲ್ಲ. ಮೇಸ್ತ್ರಿ ಅವನನ್ನು ಸಾಮಾನು ತರುವ ನೆಪದಲ್ಲಿ ಹೊರಗೆ ಕಳಿಸಿದರು. ಆಮೇಲೆ ಜೇಬಿನಿಂದ ಬಲಗೈ ತೆಗೆದು ಆಕೆಯ ಮುಂದೆ ಚಾಚಿದರು. ಅದು ಅದರ ಪಾಡಿಗೆ ಅದು ಕುಣಿಯುತ್ತಿತ್ತು.

"ಈ ಕೈಯಲ್ಲಿ ಇನ್ನೇನಾಗತ್ತೆ? ಕೆಡಿಸಿದೆ. ಗೊತ್ತಾಗಬಾರದು ಅಂತ ಉಜ್ಜಿಸಿದೆ. ಸುಳ್ಳು ಹೇಳಿದ್ದೆ ನಿಮಗೆ."

ಆ ಹೆಂಗಸು ಕೈಯನ್ನು ನೋಡಿದರು, ಬೆಡ್ಡನ್ನು ನೋಡಿದರು, ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡರು. ಹೊರಗೆ ಬಂದ ಮೇಲೆ ನನಗೆ, ಇವರಿಂದ ಇದನ್ನು ನಿರೀಕ್ಷಿಸಿರಲಿಲ್ಲ ಎಂದರು. ನಾನು ಹೌದೆಂಬಂತೆ ತಲೆಯಾಡಿಸಿದೆ. ಅವರು ಇನ್ನಿಬ್ಬರಿಗೆ ಹೇಳಿದರು, ಆ ಇಬ್ಬರು ಹತ್ತು ಜನಕ್ಕೆ. ಮೂವತ್ತೈದು ವರ್ಷದಲ್ಲಿ ಕಟ್ಟಿದ ಹೆಸರು ಒಂದು ತಿಂಗಳೊಳಗೆ ಕುಸಿಯಿತು. ಕೂದಲೆಳೆ ಮೇಸ್ತ್ರಿ ಎಂದು ಈಗಲೂ ಕರೆಯುತ್ತಾರೆ, ಆದರೆ ನಕ್ಕು ಕರೆಯುತ್ತಾರೆ.

ಲೇತನ್ನು ಒಂದು ಬಟ್ಟೆ ಅಂಗಡಿಗೆ ಮಾರಿದೆ. ಗಾಜಿನ ಹಿಂದೆ ನಿಲ್ಲಿಸಿ, ಬೆಡ್ಡಿನ ಮೇಲೆ ಅಂಗಿಗಳನ್ನು ಮಡಿಸಿಟ್ಟಿದ್ದಾರೆ. ಮೇಸ್ತ್ರಿ ಇನ್ನೊಂದು ಬೆಡ್ ಹೆರೆಯಲು ಕೂತರಂತೆ. ಮೂರನೇ ದಿನ ಉಳಿ ಜಾರಿ ಬೆಡ್ಡಿನ ಮೇಲೆ ಉಗುರು ಸಿಕ್ಕುವಷ್ಟು ಆಳದ ಗೀರು ಬಿತ್ತು. ಉಳಿಗಳಿಗೆಲ್ಲ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ, ನನ್ನ ಕೈಗೇ ಕೊಟ್ಟು ಯಾರಾದರೂ ಕೇಳಿದರೆ ಕೊಡಿ ಎಂದರು. ಯಾರೂ ಕೇಳಿಲ್ಲ. ಭಾಮೈದನ ಹೊಳಪಿಗೆ ಮಾತ್ರ ಗಿರಾಕಿಗಳು ಸಾಲುಗಟ್ಟಿದ್ದಾರೆ. ತಾನು ಭಾವನ ಮರ್ಯಾದೆ ಉಳಿಸಲು ನೋಡಿದೆ, ಆದರೆ ಅವರ ಕೈ ಮೊದಲೇ ಕೆಡಿಸಿತ್ತು ಎಂದು ಅವನು ಇಂದಿಗೂ ನಂಬಿದ್ದಾನೆ. ಮೇಸ್ತ್ರಿ ಹಾಗೆ ನಂಬಲು ಬಿಟ್ಟಿದ್ದಾರೆ. ಹಗಲೆಲ್ಲ ಖಾಲಿ ಶೆಡ್ಡಿನಲ್ಲಿ ಕುರ್ಚಿ ಹಾಕಿ ಕೂತಿರುತ್ತಾರೆ. ಹೋದರೆ ಬನ್ನಿ ಎಂದು ಇನ್ನೊಂದು ಕುರ್ಚಿ ಎಳೆಯುತ್ತಾರೆ.

ಆ ಬೆಡ್ಡನ್ನು ಕೆಡಿಸಿದ್ದು ಅವರ ಕೈಯಲ್ಲ, ನನ್ನ ಫೋನು. ಇದನ್ನು ಆ ಹೆಂಗಸಿನ ಮನೆಬಾಗಿಲಿಗೆ ಹೋಗಿ ಹೇಳುವುದು ನಾನು ಮೇಸ್ತ್ರಿಗೆ ತೀರಿಸಬೇಕಾದ ಋಣ. ಇನ್ನೂ ತೀರಿಸಿಲ್ಲ.