ಸೊನ್ನೆ ಅಡಿಯ ಆಕಾಶ

ಆಕಾಶವನ್ನೂ ಸೈಟು ಮಾಡಿ ಗೆರೆ ಎಳೆದಿದ್ದಾರೆಂದು ನನಗೆ ಗೊತ್ತಾದದ್ದು ಅರವತ್ತು ದಾಟಿದ ಮೇಲೆ, ಅದೂ ಹೆಂಡತಿಯಿಂದ. ಸುಮಿತ್ರಾ ನಿವೃತ್ತಿಯಾದ ವರ್ಷ ಒಂದು ಪುಟ್ಟ ಡ್ರೋನು ಕೊಂಡಳು. ನಾವಿರುವ ಸನ್ನಿವೇಲ್ ಎಂಬ ಈ ಪರದೇಶದ ಊರಿನ ಅಕ್ಕಪಕ್ಕ ವಿಮಾನಗಳು ಇಳಿಯುವ ಜಾಗಗಳಿವೆ. ಅವುಗಳ ಸುತ್ತಲಿನ ಆಕಾಶವನ್ನು ಚೌಕ ಚೌಕವಾಗಿ ಕತ್ತರಿಸಿ, ಯಾವುದರಲ್ಲಿ ಎಷ್ಟು ಎತ್ತರ ಹಾರಿಸಬಹುದೆಂದು ನಕ್ಷೆಯಲ್ಲಿ ಬರೆದಿಟ್ಟಿದ್ದಾರೆ. ಫೋನಿನಲ್ಲಿ ಕೇಳಿದರೆ ಕ್ಷಣದಲ್ಲಿ ಅನುಮತಿ ಸಿಗುತ್ತದೆ. ಪಾರ್ಕಿನ ಚೌಕಕ್ಕೆ ನೂರು ಅಡಿ. ನಮ್ಮ ಅಪಾರ್ಟ್‌ಮೆಂಟಿನ ಚೌಕಕ್ಕೆ ಸೊನ್ನೆ.

“ಅಲ್ಲಾರೀ, ನನ್ನ ಬಾಲ್ಕನೀನ ನಾನೇ ಮೇಲಿಂದ ನೋಡೋ ಹಾಗಿಲ್ವಾ?” ಎಂದು ಗೊಣಗುತ್ತಿದ್ದಳು. ಅಲ್ಲಿ ಅವಳ ಕರಿಬೇವಿನ ಕುಂಡ ಇತ್ತು. ಅದು ಹಕ್ಕಿಗಳಿಗೆ ಹೇಗೆ ಕಾಣುತ್ತದೆಂದು ನೋಡುವ ಆಸೆ ಅವಳಿಗೆ.

ಪಾರ್ಕಿನಲ್ಲಿ ಹಾರಿಸುವವಳು ಅವಳು, ಕತ್ತೆತ್ತಿ ನಿಲ್ಲುವವನು ನಾನು. ಡ್ರೋನು ಸದಾ ಕಣ್ಣಳತೆಯಲ್ಲೇ ಇರಬೇಕೆಂಬುದೂ ನಿಯಮ. ಅವಳು ಪರದೆ ನೋಡುವಾಗ ಆಕಾಶ ನೋಡುವ ಕೆಲಸ ನನ್ನದು. ಇಷ್ಟು ವರ್ಷದ ಸಂಸಾರದಲ್ಲಿ ನನಗೆ ಸಿಕ್ಕ ಅತಿ ಜವಾಬ್ದಾರಿಯ ಹುದ್ದೆ ಅದು. ಆಯುಧ ಪೂಜೆಯಲ್ಲಿ ಕಾರಿನ ಜೊತೆ ಡ್ರೋನಿಗೂ ಪೂಜೆ ಮಾಡಿದೆ. ಕುಂಕುಮವನ್ನು ಹಣೆಗಲ್ಲದೆ ಇನ್ನೆಲ್ಲಿಗೆ ಇಡುವುದು? ಅದರ ಹಣೆಯಲ್ಲಿದ್ದದ್ದು ಕ್ಯಾಮೆರಾ. ಎಷ್ಟು ಒರೆಸಿದರೂ ಗಾಜಿನ ಅಂಚಿನಲ್ಲಿ ಕೆಂಪು ಉಳಿಯಿತು. “ಇರಲಿ ಬಿಡಿ, ನಮ್ಮದು ಅಂತ ಗುರುತು ಸಿಗತ್ತೆ” ಎಂದಳು.

ಕಳೆದ ಚಳಿಗಾಲದಲ್ಲಿ ಅವಳು ತೀರಿಕೊಂಡಳು.

ಮೊನ್ನೆ ಮನೆಗೆ ಬಂದ ಮಗಳು ಡ್ರೋನನ್ನು ಕೈಗೆತ್ತಿಕೊಂಡು, “ಬಾಲ್ಕನಿ ಮೇಲೆ ಹಾರಿಸು ಅಪ್ಪ, ಜಸ್ಟ್ ಒನ್ ಮಿನಿಟ್. ಅಮ್ಮಂಗೆ ಆಸೆ ಇತ್ತಲ್ಲ” ಎಂದಳು. ನನಗೂ ಮನಸ್ಸಾಯಿತು. ಅಷ್ಟರಲ್ಲಿ ಮೇಲೆ ವಿಮಾನವೊಂದು ಗಾಲಿ ಇಳಿಬಿಟ್ಟುಕೊಂಡು ಹೋಯಿತು. ಅದರೊಳಗೆ ಯಾರ ಯಾರ ಹೆಂಡತಿಯರೋ ಇದ್ದರು. ಹಾರಿಸಲಿಲ್ಲ.

ಮಗಳು ಹೋದ ಮೇಲೆ ಹೊಳೆಯಿತು: ಸೊನ್ನೆ ಅಡಿ ಎಂದರೆ ನೆಲ. ಅದಕ್ಕೆ ಯಾರ ಅನುಮತಿಯೂ ಬೇಡ. ಡ್ರೋನನ್ನು ಬಾಲ್ಕನಿಯ ನೆಲದ ಮೇಲಿಟ್ಟು, ರೆಕ್ಕೆ ತಿರುಗಿಸದೆ, ಕ್ಯಾಮೆರಾ ಮಾತ್ರ ಆನ್ ಮಾಡಿದೆ. ಪರದೆಯಲ್ಲಿ ಕರಿಬೇವಿನ ಕುಂಡ, ಅದರ ಹಿಂದೆ ಗೋಡೆಗೆ ಒರಗಿಸಿಟ್ಟ ಅವಳ ಚಪ್ಪಲಿ, ಮೂಲೆಯಲ್ಲಿ ಕುಂಕುಮದ ಕೆಂಪು. ನಿಂತು ನೀರು ಹಾಕುವ ನನಗೆ ಇಷ್ಟು ದಿನ ಆ ಚಪ್ಪಲಿ ಕಂಡೇ ಇರಲಿಲ್ಲ. ಅಲ್ಲೇ ಕುಳಿತು ಅತ್ತೆ.

ಆಮೇಲೆ ಎದ್ದು, ರೂಢಿಯಂತೆ ಕತ್ತೆತ್ತಿದೆ. ಆಕಾಶ ಖಾಲಿಯಿತ್ತು. ಆದರೂ ನೋಡುತ್ತ ನಿಂತೆ. ಹಾರಿಹೋದದ್ದನ್ನು ಕಣ್ಣಳತೆಯಲ್ಲಿಟ್ಟುಕೊಳ್ಳುವ ಹುದ್ದೆಯಿಂದ ನನ್ನನ್ನು ಇನ್ನೂ ಯಾರೂ ಬಿಡುಗಡೆ ಮಾಡಿಲ್ಲ.